ಲೆದರ್ ಗ್ಲೌಸ್ ವರ್ಷಗಟ್ಟಲೆ ಬಾಳಬೇಕಾದರೆ

ಬೈಕಿನ ಲೆದರ್ ಗ್ಲೌಸ್ ರಸ್ತೆಯಲ್ಲಿ ಸವೆಯುವುದಕ್ಕಿಂತ ಬೆವರಿಗೆ ಹಾಳಾಗುವುದೇ ಜಾಸ್ತಿ. ಬೆವರಿನ ನೀರು ಆರಿಹೋಗುತ್ತದೆ, ಉಪ್ಪು ಮಾತ್ರ ಚರ್ಮದೊಳಗೇ ಉಳಿಯುತ್ತದೆ. ಚರ್ಮ ಹದ ಮಾಡುವಾಗ ಸೇರಿಸಿದ ಎಣ್ಣೆಯಂಶವೂ ಬರಬರುತ್ತಾ ಕಡಿಮೆಯಾಗುತ್ತದೆ. ಆಮೇಲೆ ಬೆರಳು ಮಡಚುವ ಕಡೆ ಬಿರುಕು ಶುರು. ಹಾಗಾಗಿ ಗಾಡಿಯಿಂದ ಇಳಿದ ಮೇಲೆ ಗ್ಲೌಸನ್ನು ಎಲ್ಲಿಡುತ್ತೀರಿ ಅನ್ನೋದನ್ನು ದಯವಿಟ್ಟು ಗಮನಿಸಿ. ಹೆಲ್ಮೆಟ್ಟಿನೊಳಗೆ ತುರುಕಬೇಡಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಬಾಯಿ ಅಗಲಿಸಿ ಗಾಳಿಯಾಡುವ ಕಡೆ ಇಡಿ, ಅಷ್ಟು ಸಾಕು.

ಕಳಚುವಾಗಲೂ ಅವಸರ ಬೇಡ. ಒಂದೇ ಬೆರಳು ಹಿಡಿದು ಎಳೆದರೆ ಒಳಗಿನ ಬಟ್ಟೆ ಕಿತ್ತು ಬರುತ್ತದೆ, ಅದರಲ್ಲೂ ಕೈ ಬೆವರಿದ್ದಾಗ. ಒಂದೊಂದು ಬೆರಳಿನ ತುದಿಯನ್ನೂ ಸ್ವಲ್ಪ ಸ್ವಲ್ಪ ಸಡಿಲಿಸಿ ತೆಗೆಯಿರಿ. ಒಳಗೆ ತೆಳುವಾದ ಕಾಟನ್ ಗ್ಲೌಸ್ ಹಾಕುವ ಅಭ್ಯಾಸವಿದ್ದರೆ ಇನ್ನೂ ಒಳ್ಳೆಯದು. ಬೆವರೆಲ್ಲ ಅದಕ್ಕೇ ಹೋಗುತ್ತದೆ, ಅದನ್ನು ತೊಳೆಯುವುದು ಸುಲಭ ಅಲ್ವಾ?

ಮಳೆಯಲ್ಲಿ ನೆನೆದರೆ ಹಿಂಡಬೇಡಿ. ಟವೆಲ್ಲಿನ ನಡುವೆ ಇಟ್ಟು ಒತ್ತಿ ನೀರು ತೆಗೆಯಿರಿ, ನೆರಳಲ್ಲಿ ಆರಲು ಬಿಡಿ. ಹೀಟರ್, ಹೇರ್ ಡ್ರೈಯರ್, ಬಿಸಿ ಇಂಜಿನ್, ಸುಡುವ ಬಿಸಿಲು, ಇವು ಯಾವುವೂ ಬೇಡವೇ ಬೇಡ. ಒದ್ದೆ ಚರ್ಮಕ್ಕೆ ಶಾಖ ತಾಗಿದರೆ ಅದರ ನಾರು ಕುಗ್ಗಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಎಣ್ಣೆ ಹಚ್ಚಿದರೂ ಮೊದಲಿನಂತಾಗುವುದಿಲ್ಲ. ಇನ್ನೂ ಸ್ವಲ್ಪ ತೇವ ಇರುವಾಗಲೇ ಕೈಗೆ ಹಾಕಿ ನಾಲ್ಕಾರು ಸಲ ಮುಷ್ಟಿ ಕಟ್ಟಿ ಬಿಡಿಸಿ. ಹ್ಯಾಂಡಲ್ ಹಿಡಿಯುವ ಆಕಾರಕ್ಕೇ ಆರುತ್ತದೆ.

ವಾಸನೆ ಬಂದಿದ್ದರೆ, ಅಂಗೈ ಜಿಗುಟಾಗಿದ್ದರೆ ತೊಳೆಯಬಹುದು. ಲೆದರಿಗೆಂದೇ ಬರುವ ಸ್ಯಾಡಲ್ ಸೋಪು ಬಳಸಿ, ಬಟ್ಟೆ ಪೌಡರ್ ಬೇಡ. ಗ್ಲೌಸ್ ಕೈಗೆ ಹಾಕಿಕೊಂಡೇ ಉಗುರು ಬೆಚ್ಚಗಿನ ನೀರಲ್ಲಿ ಕೈ ತೊಳೆದಂತೆ ತೊಳೆಯಿರಿ. ಪೂರ್ತಿ ಆರಿದ ಮೇಲೆ ಲೆದರ್ ಕಂಡೀಷನರನ್ನು ತೆಳುವಾಗಿ ಹಚ್ಚಿ, ಮಿಕ್ಕಿದ್ದನ್ನು ಒರೆಸಿಬಿಡಿ. ಸುಮ್ನೆ ಜಾಸ್ತಿ ಮೆತ್ತಿದರೆ ಚರ್ಮ ಮೆತ್ತಗಾಗಿ ಹಿಗ್ಗುತ್ತದೆ, ಬ್ರೇಕ್ ಹಿಡಿಯುವ ಕೈ ಜಾರುತ್ತದೆ. ಅಡುಗೆ ಎಣ್ಣೆ ಬೇಡ, ಕಮಟು ವಾಸನೆ ಹಿಡಿಯುತ್ತದೆ. ವೆಲ್ಕ್ರೋದಲ್ಲಿ ಸಿಕ್ಕಿದ ನೂಲು, ಕಸವನ್ನು ಹಳೆಯ ಟೂತ್‌ಬ್ರಷ್‌ನಿಂದ ತೆಗೆಯಿರಿ. ಮಣಿಕಟ್ಟಿನ ಪಟ್ಟಿ ಸರಿಯಾಗಿ ಹಿಡಿಯದಿದ್ದರೆ ಬಿದ್ದಾಗ ಗ್ಲೌಸೇ ಕಳಚಿಹೋಗಬಹುದು.

ಹೊಲಿಗೆಯ ಮೇಲೆ ನನಗೆ ಚರ್ಮಕ್ಕಿಂತ ಹೆಚ್ಚು ಕಣ್ಣು. ಹೆಬ್ಬೆರಳು, ತೋರುಬೆರಳಿನ ನಡುವಿನ ಜಾಗ ಮೊದಲು ಬಿಡುತ್ತದೆ, ಆಕ್ಸಿಲರೇಟರ್ ತಿರುಗಿಸುವ ಬಲಗೈಯದು ಇನ್ನೂ ಬೇಗ. ನೂಲು ಹೊರಬಂದಿದ್ದರೆ ಎಳೆಯಬೇಡಿ. ಚಪ್ಪಲಿ ಹೊಲಿಯುವವರ ಹತ್ತಿರ ನೈಲಾನ್ ಅಥವಾ ಪಾಲಿಯೆಸ್ಟರ್ ದಾರದಲ್ಲಿ, ಹಳೆಯ ತೂತುಗಳಲ್ಲೇ ಹೊಲಿಸಿ. ಪಕ್ಕಪಕ್ಕದಲ್ಲೇ ಹೊಸ ತೂತು ಬಿದ್ದರೆ ಚರ್ಮ ಆ ಗೆರೆಯಲ್ಲೇ ಹರಿಯುತ್ತದೆ.

ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿ. ತೆಳುವಾಗಿದ್ದರೆ, ಗೆಣ್ಣಿನ ಗಟ್ಟಿ ಭಾಗ ಸೀಳಿದ್ದರೆ, ಅಥವಾ ಒಮ್ಮೆ ಜೋರಾಗಿ ಬಿದ್ದು ಹೊಲಿಗೆ ಎಳೆದಿದ್ದರೆ ಅದರ ಕೆಲಸ ಮುಗಿಯಿತು. ಹೊಸದು ಕೊಳ್ಳುವಾಗ ಒಳಗಿನ ಚೀಟಿಯಲ್ಲಿ ಇಎನ್ 13594 ಎಂದಿದೆಯೇ ನೋಡಿ, ಅದು ಬೈಕ್ ಗ್ಲೌಸಿಗಿರುವ ಯುರೋಪಿನ ಮಾನದಂಡ. ಹಳೆಯದನ್ನು ಚೈನ್ ಒರೆಸಲು ಇಟ್ಟುಕೊಳ್ಳಿ, ಓಡಿಸುವಾಗ ಮಾತ್ರ ಮತ್ತೆ ಹಾಕಬೇಡಿ.