ಇಸ್ತ್ರಿ ಒಂದೇ ಬಾಕಿ

ಟೈಲರುಗಳ ಬಾಯಲ್ಲಿ ಸದಾ ರೆಡಿ ಇರುವ ಸುಳ್ಳು ಇದು. ಬಟ್ಟೆ ಇನ್ನೂ ಕತ್ತರಿಯನ್ನೇ ಕಂಡಿರುವುದಿಲ್ಲ, ಕವರಿನೊಳಗೆ ಮಡಚಿದ ಹಾಗೇ ಕೂತಿರುತ್ತದೆ. ನಾವು ಮಾತ್ರ "ಎಲ್ಲಾ ಆಗಿದೆ ಅಕ್ಕ, ಇಸ್ತ್ರಿ ಒಂದೇ ಬಾಕಿ, ನಾಳೆ ಬನ್ನಿ" ಅನ್ನುತ್ತೇವೆ. ಹಾಸನದಲ್ಲಿ ಹದಿನೆಂಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಭಾನುವಾರ ಚರ್ಚು, ಸೋಮವಾರ ಇಸ್ತ್ರಿ ಬಾಕಿ. ಎರಡಕ್ಕೂ ಏನೋ ಸಂಬಂಧ ಇದೆ ಅಂತ ನನಗೆ ಅನಿಸಿಯೇ ಇರಲಿಲ್ಲ.

ಅನಿಸಿದ್ದು 2023ರ ದೀಪಾವಳಿಯಲ್ಲಿ. ಹಾಸನಾಂಬೆ ಗುಡಿ ಬಾಗಿಲು ತೆಗೆಯುವುದು ವರ್ಷಕ್ಕೊಂದೇ ಸಲ, ಆ ಸಮಯದಲ್ಲೇ. ಊರು ತುಂಬಾ ಜನ, ಅಂಗಡಿ ತುಂಬಾ ಬಟ್ಟೆ. ಶಾಂತಿಗ್ರಾಮದ ಕಡೆಯ ಒಬ್ಬರು ಬಂದರು, ಮೂರನೇ ಸಲ. ಶುಂಠಿ ಹೊಲದಲ್ಲಿ ಕೂಲಿ ಮಾಡುವವರು. ಉಗುರಿನ ಸಂದಿಯಲ್ಲಿ ಇನ್ನೂ ಕೆಮ್ಮಣ್ಣಿತ್ತು. "ನಾಳೆ ಖಂಡಿತ ಅಕ್ಕ, ದೇವರಾಣೆ" ಅಂದೆ. ಅವರು ಕೂಗಾಡಲಿಲ್ಲ. "ಬಸ್ಸೇನೋ ಫ್ರೀ ಕಣವ್ವ, ಕೂಲಿ ಫ್ರೀ ಅಲ್ವಲ್ಲ" ಅಂದು ಹೊರಟರು.

ಮೂರು ದಿನದ ಕೂಲಿ ಅಂದರೆ ನನ್ನ ಮಜೂರಿಗಿಂತ ಜಾಸ್ತಿ. ನನ್ನ ಹಿಂದೆ ಗೋಡೆಯ ಮೇಲೆ ಬೈಬಲ್ ವಾಕ್ಯದ ಕ್ಯಾಲೆಂಡರ್ ಇತ್ತು. ಅವರು ಅದನ್ನು ನೋಡಿದರೋ ಇಲ್ಲವೋ. ನಾನಂತೂ ಆ ದಿನವೆಲ್ಲಾ ಅದರ ಕಡೆ ತಿರುಗಲಿಲ್ಲ. ರಾತ್ರಿ ಒಂದೂವರೆವರೆಗೆ ಕೂತು ಅವರ ಬ್ಲೌಸ್ ಮುಗಿಸಿದೆ.

ಬೈಬಲಿನ ಮತ್ತಾಯ ಸುವಾರ್ತೆಯ ಐದನೇ ಅಧ್ಯಾಯ ನಮಗೆಲ್ಲಾ ಬಾಯಿಪಾಠ. ಆಕಾಶದ ಮೇಲೆ ಆಣೆ ಇಡಬೇಡಿ, ಭೂಮಿಯ ಮೇಲೆ ಬೇಡ, ನಿಮ್ಮ ತಲೆಯ ಮೇಲೂ ಬೇಡ ಅನ್ನುತ್ತಾನೆ ಯೇಸು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ, ಅಷ್ಟೇ. ನಾನು ಅದನ್ನು ಕೋರ್ಟಿನ ವಿಷಯ ಅಂದುಕೊಂಡಿದ್ದೆ. ನಿಜವಾಗಿ ಅದು ಕೌಂಟರಿನ ವಿಷಯ. ಬರೀ ಮಾತಿಗೆ ಬೆಲೆ ಇದ್ದಿದ್ದರೆ ನಾನು ದೇವರಾಣೆ ಹಾಕುತ್ತಲೇ ಇರಲಿಲ್ಲ, ಅಲ್ವಾ?

ಸರಿ, ಏನು ಮಾಡಿದೆ ಅಂದರೆ, ಮೊದಲು ಎಣಿಸಿದೆ. ಲೈನಿಂಗ್ ಬ್ಲೌಸ್ ದಿನಕ್ಕೆ ನನ್ನಿಂದ ಆಗುವುದು ನಾಲ್ಕು. ಕರೆಂಟ್ ಕೈಕೊಟ್ಟರೆ ಮೂರು. ಒಪ್ಪಿಕೊಳ್ಳುತ್ತಿದ್ದದ್ದು ಏಳೆಂಟು! ಹಾಗಾದರೆ ಬಟ್ಟೆ ತಗೊಂಡು ಬಿಲ್ ಬರೆಯುವಾಗಲೇ ಸುಳ್ಳು ಆಗಿಹೋಗಿತ್ತು, "ನಾಳೆ ಬನ್ನಿ" ಅನ್ನುವುದು ಬರೀ ಅದರ ಬಾಲ. ಈಗ ಬಿಲ್ ಬುಕ್ ಪಕ್ಕದಲ್ಲೇ ಡೈರಿ ಇಟ್ಟಿದ್ದೇನೆ. ದಿನಕ್ಕೆ ಮೂರೇ ಗೆರೆ. ಮೂರೂ ತುಂಬಿದರೆ ಮುಂದಿನ ದಿನ. ಆಗುವುದಿಲ್ಲ ಅಂತ ಗೊತ್ತಾದರೆ ಹಿಂದಿನ ದಿನವೇ ಫೋನ್ ಮಾಡುತ್ತೇನೆ, ಅವರು ಬಸ್ ಹತ್ತುವ ಮೊದಲು. ಈ ಫೋನು ತುಂಬಾ ಕಷ್ಟ. ಬೈಗುಳವನ್ನು ನಾವೇ ಕರೆದು ತಿಂದ ಹಾಗೆ.

"ಆಗಲ್ಲ" ಅನ್ನುವುದು ಇನ್ನೂ ಕಷ್ಟ. ಒಂದು ಮದುವೆ ಮನೆಯವರ ಹನ್ನೊಂದು ಬ್ಲೌಸ್ ಬಿಟ್ಟೆ. ಪಕ್ಕದ ಅಂಗಡಿಯವರು ತಗೊಂಡರು, ತಡ ಮಾಡಿಯೇ ಕೊಟ್ಟರು. ಆದರೂ ಆ ಮನೆಯವರು ಈಗಲೂ ಅಲ್ಲಿಗೇ ಹೋಗುತ್ತಾರೆ. ಮಾತು ಉಳಿಸಿಕೊಂಡರೆ ಗಿರಾಕಿ ಜಾಸ್ತಿ ಆಗುತ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಷ್ಟವಾದರೂ ಕೊಟ್ಟ ಮಾತಿಗೆ ತಪ್ಪದವನು ಅಂತ ಬೈಬಲಿನ 15ನೇ ಕೀರ್ತನೆಯಲ್ಲಿದೆ. ಆ ನಷ್ಟ ವಾಪಸ್ ಬರುತ್ತದೆ ಅಂತ ಅಲ್ಲಿ ಬರೆದಿಲ್ಲ.

ನಮ್ಮ ಚರ್ಚಿನ ಸಭೆಯವರೇ ಎಲ್ಲರಿಗಿಂತ ಕಷ್ಟ ಕೊಡುವವರು. ಕ್ರಿಸ್‌ಮಸ್‌ಗೆ ನಾಲ್ಕು ದಿನ ಇರುವಾಗ ಸೀರೆ ಹಿಡಿದು ಬಂದು "ನಮ್ಮವಳೇ ತಾನೇ" ಅನ್ನುತ್ತಾರೆ. ಅವರನ್ನೇನು ಹೇಳುವುದು, ನಾನೂ ಕಮ್ಮಿಯಿರಲಿಲ್ಲ. ದಿನ ಹೇಳಲು ಇಷ್ಟವಿಲ್ಲದಾಗ "ದೇವರ ಚಿತ್ತವಾದರೆ ಶನಿವಾರ" ಅನ್ನುತ್ತಿದ್ದೆ. ಆಗದಿದ್ದರೆ ತಪ್ಪು ದೇವರದು! ಬೈಬಲಿನ ಯಾಕೋಬನ ಪತ್ರಿಕೆ ಆ ಮಾತನ್ನು ಹೇಳಿಕೊಟ್ಟದ್ದು ಜಂಬ ಕೊಚ್ಚುವವರಿಗೆ, ನನ್ನಂಥ ಸೋಮಾರಿಗಳಿಗಲ್ಲ. ಈಗ ಸುಮ್ನೆ "ಶನಿವಾರ ಸಾಯಂಕಾಲ ಐದಕ್ಕೆ" ಅನ್ನುತ್ತೇನೆ.

ದೇವರಿಗೆ ಸಾಕ್ಷಿ ಅಂದರೆ ಪ್ರಾರ್ಥನಾ ಕೂಟದಲ್ಲಿ ಮೈಕ್ ಹಿಡಿದು ಹೇಳುವುದು ಅಂತಲೇ ತಿಳಿದಿದ್ದವಳು ನಾನು. ಆ ಶಾಂತಿಗ್ರಾಮದ ಅಕ್ಕನ ಹತ್ತಿರ ದೇವರ ವಿಷಯ ಇವತ್ತಿನವರೆಗೂ ಮಾತಾಡಿಲ್ಲ. ಮಾತಾಡುವ ಮುಖ ನನಗಿನ್ನೂ ಬಂದಿಲ್ಲ. ಅವರು ಮಾತ್ರ ಬರುವುದು ಬಿಟ್ಟಿಲ್ಲ. ಹೋದ ವರ್ಷ ಬಟ್ಟೆ ತಗೊಂಡು ದುಡ್ಡು ಎಣಿಸುತ್ತಾ, "ಮಗಳದು ಪಿಯುಸಿ ಪರೀಕ್ಷೆ ಕಣವ್ವ, ನಿಮ್ಮ ಚರ್ಚಲ್ಲಿ ಒಂದು ಮಾತು ಕೇಳ್ಕೋ" ಅಂದರು. "ಆಯ್ತಕ್ಕ, ಪ್ರಾರ್ಥನೆ ಮಾಡ್ತೀನಿ" ಅಂದೆ.

ಈ ಮಾತನ್ನು ನಾವು ಕ್ರೈಸ್ತರು ಎಷ್ಟು ಸಲೀಸಾಗಿ ಆಡುತ್ತೇವೆ! ಇದೂ ಇಸ್ತ್ರಿ ಬಾಕಿಯ ತಮ್ಮನೇ. ಕೇಳಿದವರು ಬಂದು ಪರೀಕ್ಷೆ ಮಾಡುವ ಹಾಗೂ ಇಲ್ಲ. ಅವರು ಹೋದ ಮೇಲೆ ಡೈರಿ ತೆಗೆದು ಅವರ ಅಳತೆಯ ಕೆಳಗೆ, ತೋಳು ಹತ್ತು, ಎದೆ ಮೂವತ್ತಾರು, ಮಗಳು ಪಿಯುಸಿ ಅಂತ ಬರೆದುಕೊಂಡೆ. ಅಳತೆ ನೋಡಿದಾಗಲೆಲ್ಲಾ ನೆನಪಾಗುತ್ತಿತ್ತು. ಆದರೆ ಆ ಬ್ಲೌಸ್ ಮುಗಿದಿತ್ತಲ್ಲ, ಆ ಹಾಳೆ ತೆರೆಯುವ ಕೆಲಸವೇ ಕಮ್ಮಿಯಾಯಿತು.

ರಿಸಲ್ಟ್ ಬಂದ ಮೇಲೆ ಬಾಳೆಹಣ್ಣು ಹಿಡಿದು ಬಂದರು. ಪಾಸಾಗಿದ್ದಳು. "ಕೇಳ್ಕೊಂಡಿದ್ದೆ ತಾನೆ?" ಅಂದರು.

"ನಾಲ್ಕೈದು ದಿನ ಕೇಳ್ಕೊಂಡೆ ಅಕ್ಕ. ಆಮೇಲೆ ಮರೆತೆ" ಅಂದೆ.

ಅವರು ನಕ್ಕು ಹಣ್ಣು ಕೌಂಟರ್ ಮೇಲಿಟ್ಟರು. ಕಿರಿಯವಳು ಹತ್ತನೇ ಕ್ಲಾಸು, ಬರ್ಕೋ ಅಂದರು.