ಕೆಂಪಾಗಿ ಬಂದ ಹತ್ತಿಯ ಸುರುಳಿ: ಕೋಟಿನಿನ್ ಅಳತೆಯಲ್ಲಿ ನನ್ನ ಅನುಭವ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸುತ್ತಲಿನ ಓಣಿಗಳಲ್ಲಿ, ಮನೆಯ ಗಂಡಸರು ಸೇದುವ ಬೀಡಿಯ ಹೊಗೆ ಉಳಿದವರ ದೇಹಕ್ಕೆ ಎಷ್ಟು ಸೇರುತ್ತದೆ ಎಂದು ಅಳೆಯುವ ಕೆಲಸವನ್ನು ಕೈಗೆತ್ತಿಕೊಂಡಾಗ, ಕೋಟಿನಿನ್ ಒಂದನ್ನು ನೋಡಿದರೆ ಸಾಕೆಂದು ನಾನು ನಂಬಿದ್ದೆ. ನಂಬಿಕೆಗೆ ಕಾರಣವೂ ಇತ್ತು. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಯಲ್ಲಿ ಅರ್ಧಕ್ಕೆ ಇಳಿದರೆ, ಯಕೃತ್ತು ಅದರಿಂದ ತಯಾರಿಸುವ ಕೋಟಿನಿನ್ ಅರ್ಧವಾಗಲು 16ರಿಂದ 20 ಗಂಟೆ ಹಿಡಿಯುತ್ತದೆ. ಹೀಗಾಗಿ ಕಳೆದ ಎರಡು ಮೂರು ದಿನಗಳ ಲೆಕ್ಕ ಜೊಲ್ಲಿನಲ್ಲೇ ಸಿಗುತ್ತದೆ, ಸೂಜಿ ಚುಚ್ಚಬೇಕಾಗಿಲ್ಲ.

ಕೆನ್ನೆ ಮತ್ತು ಒಸಡಿನ ನಡುವೆ ಹತ್ತಿಯ ಸುರುಳಿಯನ್ನು ಎರಡು ನಿಮಿಷ ಇಟ್ಟು, ತೆಗೆದು, ಮುಚ್ಚಳವಿರುವ ನಳಿಕೆಗೆ ಹಾಕಿ, ಐಸ್ ಡಬ್ಬಿಯಲ್ಲಿ ಸಂಜೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸುತ್ತಿದ್ದೆ. ಒಬ್ಬ ಅಜ್ಜಿಯ ಫಲಿತಾಂಶ ಮಿಲಿಲೀಟರಿಗೆ 200 ನ್ಯಾನೋಗ್ರಾಂ ದಾಟಿ ಬಂತು. ಪಕ್ಕದವರ ಹೊಗೆಯನ್ನಷ್ಟೇ ಕುಡಿದವರಲ್ಲಿ ಅದು ಸಾಮಾನ್ಯವಾಗಿ 10ರ ಒಳಗೇ ಇರುತ್ತದೆ. ಅಜ್ಜಿ ಮನೆಯವರಿಗೆ ತಿಳಿಯದಂತೆ ಬೀಡಿ ಸೇದುತ್ತಾರೆಂದು ನಾನು ನಮೂನೆಯಲ್ಲಿ ಬರೆದೇ ಬಿಟ್ಟೆ. ಮರುವಾರ ಹೋಗಿ ಮೆಲ್ಲಗೆ ಕೇಳಿದಾಗ ಅವರು, "ಬೀಡಿ ಯಾಕೆ ಸೇದಲಿ ತಾಯಿ? ಎಲಿ ಅಡಿಕಿ ಜೊತಿಗೆ ಒಂಚೂರು ಕಡ್ಡಿಪುಡಿ ಹಾಕ್ಕಂತೀನಿ, ಅಷ್ಟೆ" ಎಂದರು. ಕಡ್ಡಿಪುಡಿಯೆಂದರೆ ಜಗಿಯುವ ತಂಬಾಕೇ. ಅವರ ಬಾಯಿಂದ ತೆಗೆದ ಸುರುಳಿ ಒಂದು ತುದಿಯಲ್ಲಿ ಕೆಂಪಾಗಿದ್ದುದು ನನಗೆ ಆಗ ನೆನಪಾಯಿತು. ಕಣ್ಣೆದುರಿಗೇ ಇದ್ದ ಸಾಕ್ಷಿಯನ್ನು ನಾನು ಕೊಳೆಯೆಂದು ಕಡೆಗಣಿಸಿದ್ದೆ. ಅಂಕಿ ಸರಿಯಾಗಿತ್ತು, ಓದಿದ್ದು ತಪ್ಪಾಗಿತ್ತು, ಮತ್ತು ಆ ತಪ್ಪು ಒಬ್ಬ ಹಿರಿಯರ ಮಾತನ್ನು ಸುಳ್ಳೆಂದು ಬಗೆದಿತ್ತು.

ಕೋಟಿನಿನ್ ಹೇಳುವುದು ನಿಕೋಟಿನ್ ಒಳಗೆ ಹೋಯಿತೆಂದು ಮಾತ್ರ, ಯಾವ ದಾರಿಯಿಂದ ಹೋಯಿತೆಂದಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಧೂಮಪಾನಿಗಳು ಶೇ. 10.7 ಇದ್ದರೆ, ಹೊಗೆರಹಿತ ತಂಬಾಕು ಬಳಸುವವರು ಶೇ. 21.4 ಇದ್ದರು. ಕೋಟಿನಿನ್ ಹೆಚ್ಚಿದ್ದರೆ ಸೇದುವವರೇ ಎನ್ನುವ ಹೊರದೇಶದ ಮಾನದಂಡವನ್ನು ಇಂಥ ಊರುಗಳಲ್ಲಿ ಹಾಗೆಯೇ ತಂದಿಡಲು ಬರುವುದಿಲ್ಲ.

ಆಮೇಲೆ ಹೊಗೆಯ ಜೊತೆ ಒಳಗೆ ಹೋಗುವ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಉಸಿರಿನಲ್ಲಿ ಅಳೆಯುವ ಕೈಯಂತ್ರವನ್ನೂ ಜೊತೆಗೆ ಒಯ್ದೆ. ಕಡ್ಡಿಪುಡಿ ಜಗಿಯುವವರಲ್ಲಿ ಅದು ಏರುವುದಿಲ್ಲವಾದ್ದರಿಂದ ಅಜ್ಜಿಯ ವಿಷಯ ತಕ್ಷಣ ತಿಳಿಯಾಯಿತು. ಆದರೆ ಭಟ್ಟಿಯಲ್ಲಿ ಹಗಲೆಲ್ಲ ಬೆಂಕಿಯ ಮುಂದೆ ನಿಂತು ಮಂಡಕ್ಕಿ ಹುರಿಯುವ, ಬೀಡಿಯನ್ನೇ ಮುಟ್ಟದ ಒಬ್ಬರು ಊದಿದಾಗ ಯಂತ್ರ ಸೇದುವವರಲ್ಲಿ ಕಾಣುವಂತೆ 14 ಪಿಪಿಎಂ (ಹತ್ತು ಲಕ್ಷದಲ್ಲಿ 14 ಭಾಗ) ತೋರಿಸಿತು. ಅವರ ಕೋಟಿನಿನ್ ಮಾತ್ರ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಅದು ಒಲೆಯ ಹೊಗೆ. ಹೊಗೆಯಲ್ಲಿನ ಪದಾರ್ಥ ದೇಹದಲ್ಲಿ ಬದಲಾಗಿ ಮೂತ್ರದಲ್ಲಿ ಸಿಗುವ 1-ಹೈಡ್ರಾಕ್ಸಿಪೈರೀನ್ ಕೂಡ ಯಾವ ಹೊಗೆಗಾದರೂ ಏರುತ್ತದೆ.

ಶ್ವಾಸಕೋಶದ ಕ್ಯಾನ್ಸರ್ ಅಪಾಯದ ಪ್ರಶ್ನೆ ಬಂದಾಗ ನಾನು ಹೆಚ್ಚು ಬೆಲೆ ಕೊಡುವುದು ಎನ್‌ಎನ್‌ಎಎಲ್‌ಗೆ. ತಂಬಾಕಿನಲ್ಲೇ ಇರುವ ಎನ್‌ಎನ್‌ಕೆ ಎಂಬ ಕ್ಯಾನ್ಸರ್‌ಕಾರಕದಿಂದ ಅದು ದೇಹದಲ್ಲಿ ಹುಟ್ಟುತ್ತದೆ ಮತ್ತು ಮೂತ್ರದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಶಾಂಘೈ ಮತ್ತು ಸಿಂಗಪುರದಲ್ಲಿ ರೋಗ ಬರುವ ಮೊದಲೇ ತೆಗೆದಿಟ್ಟಿದ್ದ ಮೂತ್ರವನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧೂಮಪಾನಿಗಳೊಳಗೇ ಎನ್‌ಎನ್‌ಎಎಲ್ ಅತಿ ಹೆಚ್ಚಿದ್ದ ಮೂರನೇ ಒಂದು ಭಾಗದವರ ಅಪಾಯ ಅತಿ ಕಡಿಮೆಯಿದ್ದವರಿಗಿಂತ ಸುಮಾರು ಎರಡು ಪಟ್ಟಿತ್ತು. ಆದರೂ ಒಬ್ಬ ವ್ಯಕ್ತಿಯನ್ನು ಕೂರಿಸಿಕೊಂಡು ಅಪಾಯವನ್ನು ಲೆಕ್ಕ ಹಾಕುವಾಗ ವಯಸ್ಸು ಮತ್ತು ಎಷ್ಟು ವರ್ಷ, ದಿನಕ್ಕೆ ಎಷ್ಟು ಸೇದಿದರೆಂಬುದೇ ಮುಖ್ಯವಾಗುತ್ತದೆ. ಮೂವತ್ತು ವರ್ಷದ ಬೀಡಿಯನ್ನು ಮೊನ್ನೆಯ ಜೊಲ್ಲು ಹೇಳಲಾರದು. ದಿನಕ್ಕೆ ಎಷ್ಟು ಪ್ಯಾಕು, ಎಷ್ಟು ವರ್ಷ ಎಂದು ಗುಣಿಸಲು ಸಿಗರೇಟಿಗೆ ರೂಪಿಸಿದ ಸೂತ್ರದಲ್ಲಿ ಬೀಡಿಯನ್ನು ಹಾಗೆಯೇ ಎಣಿಸಿ ಹಾಕುವುದನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ತಂಬಾಕು ಕಡಿಮೆಯಿದ್ದರೂ ಬೀಡಿ ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ.

ಎನ್‌ಎನ್‌ಎಎಲ್ ಕಡ್ಡಿಪುಡಿಯಿಂದಲೂ ಏರುತ್ತದೆ. ಅಜ್ಜಿಯನ್ನು ನಾನು ಎದೆಯ ತಪಾಸಣೆಗಲ್ಲ, ಬಾಯಿಯ ತಪಾಸಣೆಗೆ ಕರೆದೊಯ್ದೆ. ಅವರ ನಮೂನೆಯಲ್ಲಿ ನಾನು ಬರೆದಿದ್ದನ್ನು ಅವರ ಎದುರಿಗೇ ಹೊಡೆದು ಹಾಕಿ, ಓದಿ ಹೇಳಿದೆ. ಈಗ ನಮ್ಮ ನಮೂನೆಯಲ್ಲಿ ಸೇದುವ, ಜಗಿಯುವ, ಒಲೆಯ ಮುಂದೆ ನಿಲ್ಲುವ ಮೂರು ಪ್ರಶ್ನೆಗಳು ಬೇರೆ ಬೇರೆಯಾಗಿವೆ, ಮತ್ತು ಸುರುಳಿಯ ಬಣ್ಣವನ್ನು ಬರೆಯಲು ಒಂದು ಅಂಕಣವಿದೆ.