ಜಪಾನ್ ಕಾರು ಕೆಡಲ್ಲ, ಜರ್ಮನ್ ಕಾರು ಕೈ ಸುಡುತ್ತೆ: ಈ ಮಾತು ಎಷ್ಟು ನಿಜ ಅಂತ ನೀವೇ ಚೆಕ್ ಮಾಡೋದು ಹೇಗೆ

ಹಳೇ ಕಾರು ತಗೋತೀನಿ ಅಂತ ಯಾರ ಹತ್ರ ಹೇಳಿದ್ರೂ ಮೊದಲು ಬರೋ ಸಲಹೆ ದೇಶದ್ದೇ. ಜಪಾನ್‌ದಾದ್ರೆ ಕಣ್ಮುಚ್ಕೊಂಡು ತಗೋ, ಜರ್ಮನ್ ಆದ್ರೆ ವಾರಂಟಿ ಮುಗಿಯೋದ್ರೊಳಗೆ ಮಾರ್ಬಿಡು, ಇಟಲಿ, ಫ್ರಾನ್ಸ್, ಬ್ರಿಟನ್ ಆದ್ರೆ ಹತ್ರಾನೇ ಹೋಗ್ಬೇಡ ಅಂತಾರೆ. ಪೂರ್ತಿ ಸುಳ್ಳಲ್ಲ ಇದು. ಆದ್ರೆ ಇದೊಂದನ್ನೇ ನಂಬ್ಕೊಂಡು ದುಡ್ಡು ಹಾಕಿದ್ರೆ ಎಷ್ಟೋ ಸಲ ಒಳ್ಳೇ ಕಾರು ಕೈ ತಪ್ಪಿ ಹೋಗುತ್ತೆ, ಕೆಟ್ಟದ್ದು ಕೊರಳಿಗೆ ಬೀಳುತ್ತೆ. ಹುಡುಕ್ಬೇಕಾಗಿರೋದು ದೇಶ ಅಲ್ಲ, ಇಂಜಿನ್, ಗೇರ್‌ಬಾಕ್ಸ್, ತಯಾರಾದ ವರ್ಷ.

ಈ ಹೆಸರು ಬಂದಿದ್ದು ಎಲ್ಲಿಂದ ಅಂತ ಮೊದಲು ನೋಡೋಣ, ಯಾಕಂದ್ರೆ ಅದು ಗೊತ್ತಾದ್ರೆ ಮುಂದಿನದ್ದೆಲ್ಲ ಸುಲಭ. 1950ರಲ್ಲಿ ಡೆಮಿಂಗ್ ಅನ್ನೋ ಅಮೆರಿಕದವ್ರು ಜಪಾನಿಗೆ ಹೋಗಿ ಕ್ವಾಲಿಟಿ ಕಂಟ್ರೋಲ್ ಬಗ್ಗೆ ಪಾಠ ಮಾಡಿದ್ರು, ಅಲ್ಲಿನ ಕಂಪನಿಗಳು ಅದನ್ನ ಎಷ್ಟು ಸೀರಿಯಸ್ಸಾಗಿ ತಗೊಂಡ್ವು ಅಂದ್ರೆ ಮರುವರ್ಷವೇ ಅವ್ರ ಹೆಸರಲ್ಲಿ ಪ್ರಶಸ್ತಿ ಶುರು ಮಾಡಿದ್ರು. ಇನ್ನೊಂದು ಕಥೆ ನನಗೆ ಇದಕ್ಕಿಂತ ಮುಖ್ಯ ಅನ್ಸುತ್ತೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್‌ದು ಒಂದು ಫ್ಯಾಕ್ಟರಿ ಇತ್ತು, ಗೈರುಹಾಜರಿ, ಜಗಳ, ಕಳಪೆ ಕೆಲಸಕ್ಕೇ ಹೆಸರಾಗಿತ್ತು, 1982ರಲ್ಲಿ ಬಾಗಿಲು ಹಾಕಿದ್ರು. 1984ರಲ್ಲಿ ಟೊಯೋಟಾ ಜೊತೆ ಸೇರಿ ಅದೇ ಜಾಗ ಮತ್ತೆ ತೆರೆದ್ರು, ಕೆಲಸಕ್ಕೆ ಬಂದವ್ರಲ್ಲಿ ಹೆಚ್ಚಿನವ್ರು ಹಳೇ ಕೆಲಸಗಾರರೇ, ಬದಲಾಗಿದ್ದು ಕೆಲಸ ಮಾಡಿಸೋ ರೀತಿ, ಲೈನಲ್ಲಿ ತಪ್ಪು ಕಂಡ್ರೆ ಯಾರು ಬೇಕಾದ್ರೂ ಹಗ್ಗ ಎಳೆದು ನಿಲ್ಲಿಸ್ಬಹುದಿತ್ತು. ಸ್ವಲ್ಪ ಕಾಲದಲ್ಲೇ ಅಲ್ಲಿಂದ ಹೊರಗೆ ಬರೋ ಕಾರು ಜಪಾನಿನ ಕಾರಿಗೆ ಹತ್ತಿರ ಹತ್ತಿರ ಬಂತು. ಅಂದ್ಮೇಲೆ ಕ್ವಾಲಿಟಿ ಇರೋದು ಆ ದೇಶದ ಜನರ ರಕ್ತದಲ್ಲಲ್ಲ, ಫ್ಯಾಕ್ಟರಿಯ ಪದ್ಧತಿಯಲ್ಲಿ. ಅದೇ ಫ್ಯಾಕ್ಟರಿಯಲ್ಲಿ ಟೊಯೋಟಾ ಕೊರೊಲ್ಲಾ ಮತ್ತೆ ಜಿಯೋ ಪ್ರಿಜ್ಮ್ ಅನ್ನೋ ಅಮೆರಿಕನ್ ಹೆಸರಿನ ಕಾರು ಎರಡೂ ತಯಾರಾಗ್ತಿದ್ವು, ಒಳಗೆ ಹೆಚ್ಚುಕಡಿಮೆ ಒಂದೇ ಕಾರು, ಆದ್ರೂ ಹಳೇದಾದ ಮೇಲೆ ಪ್ರಿಜ್ಮ್‌ಗೆ ಸಿಗ್ತಿದ್ದ ಬೆಲೆ ಕಡಿಮೆ. ಗೊತ್ತಿದ್ದವ್ರು ಪ್ರಿಜ್ಮ್ ತಗೊಂಡು ದುಡ್ಡು ಉಳಿಸಿದ್ರು. ನೀವೂ ಹುಡುಕ್ಬೇಕಾಗಿರೋದು ಇಂಥದ್ದನ್ನೇ.

ಚಾಸಿ ನಂಬರ್‌ನಿಂದ ಶುರು ಮಾಡಿ. 17 ಅಕ್ಷರ ಇರುತ್ತೆ, ಮೊದಲನೇದು ಜೆ ಆದ್ರೆ ಜಪಾನ್, ಡಬ್ಲ್ಯೂ ಆದ್ರೆ ಜರ್ಮನಿ, ಕೆ ಆದ್ರೆ ಕೊರಿಯಾ, 1, 4, 5 ಆದ್ರೆ ಅಮೆರಿಕ. ಟೊಯೋಟಾ ಕ್ಯಾಮ್ರಿ 1988ರಿಂದಾನೇ ಕೆಂಟಕಿಯಲ್ಲಿ ತಯಾರಾಗ್ತಿದೆ, ಬಿಎಂಡಬ್ಲ್ಯೂ ಎಕ್ಸ್5 ಬರೋದು ಸೌತ್ ಕೆರೊಲಿನಾದಿಂದ, ವೋಲ್ವೋ 2010ರಿಂದ ಚೀನಾದ ಗೀಲಿ ಕೈಯಲ್ಲಿದೆ, ಜಾಗ್ವಾರ್ ಲ್ಯಾಂಡ್ ರೋವರ್ 2008ರಿಂದ ಟಾಟಾದ್ದು. ಇನ್ನು ಇವುಗಳಲ್ಲಿ ಯಾವುದನ್ನ ಯಾವ ದೇಶದ ಕಾರು ಅಂತೀರಾ?

ಆಮೇಲೆ ಇಂಜಿನ್ ಕೋಡ್, ಅಂದ್ರೆ ಕಂಪನಿ ಆ ಇಂಜಿನ್ನಿಗೆ ಇಟ್ಟಿರೋ ಗುರುತಿನ ಹೆಸರು, ಹುಡುಕಿ, ಇಲ್ಲಿ ಮಾತ್ರ ಸೋಮಾರಿತನ ಬೇಡ. ಒಂದೇ ಬಿಎಂಡಬ್ಲ್ಯೂ ಒಳಗೆ ಎನ್47 ಡೀಸೆಲ್ ಇಂಜಿನ್ನಿನ ಶುರುವಿನ ವರ್ಷಗಳದ್ರಲ್ಲಿ ಟೈಮಿಂಗ್ ಚೈನ್ (ಇಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚೋ ಹಾಗೆ ಮಾಡೋ ಸರಪಳಿ) ಸವೆಯೋ ತೊಂದರೆ ಇತ್ತು, ಅದೂ ಚೈನ್ ಇರೋದು ಗೇರ್‌ಬಾಕ್ಸ್ ಕಡೆಗೆ, ಅದನ್ನ ಬದಲಾಯಿಸ್ಬೇಕು ಅಂದ್ರೆ ದೊಡ್ಡ ಕೆಲಸ, ದೊಡ್ಡ ಬಿಲ್ಲು. ಅದೇ ಕಂಪನಿಯ ಬಿ58 ಪೆಟ್ರೋಲ್ ಇಂಜಿನ್ನಿಗೆ ಒಳ್ಳೇ ಹೆಸರಿದೆ, ಟೊಯೋಟಾ ತನ್ನ ಹೊಸ ಸುಪ್ರಾಗೆ ಅದನ್ನೇ ಹಾಕಿದೆ. ಆ ಕಡೆ ಟೊಯೋಟಾದ 2.4 ಲೀಟರ್ 2ಎಝಡ್ ಇಂಜಿನ್ 2007ರಿಂದ 2009ರ ಸುಮಾರಿನದ್ದು ಆಯಿಲ್ ಕುಡಿಯುತ್ತೆ ಅಂತ ಎಷ್ಟು ದೂರು ಬಂತು ಅಂದ್ರೆ ಕಂಪನೀನೇ ಪಿಸ್ಟನ್ ರಿಂಗ್ ರಿಪೇರಿಗೆ ವಾರಂಟಿ ಉದ್ದ ಮಾಡ್ಬೇಕಾಯ್ತು. ಹ್ಯುಂಡೈ 1998ರಲ್ಲಿ ಅಮೆರಿಕದಲ್ಲಿ 10 ವರ್ಷ, 1 ಲಕ್ಷ ಮೈಲಿ ವಾರಂಟಿ ಘೋಷಿಸಿ ಕೆಟ್ಟ ಹೆಸರು ತೊಳ್ಕೊಂಡಿತು, ಮುಂದೆ ಅದೇ ಕಂಪನಿಯ ಥೀಟಾ 2 ಇಂಜಿನ್ನುಗಳಿಗೆ 2015ರಿಂದ ರೀಕಾಲ್ ಬಂತು, ಅಂದ್ರೆ ದೋಷ ಇರೋ ಕಾರುಗಳನ್ನ ಕಂಪನೀನೇ ವಾಪಸ್ ಕರೆಸಿ ಸರಿ ಮಾಡ್ಬೇಕಾಯ್ತು.

ಗೇರ್‌ಬಾಕ್ಸ್ ಯಾರದ್ದು ಅಂತಾನೂ ನೋಡ್ಲೇಬೇಕು, ಇದನ್ನ ಬಹಳ ಜನ ಬಿಟ್ಬಿಡ್ತಾರೆ. ಜಪಾನಿನ ಐಸಿನ್ ಗೇರ್‌ಬಾಕ್ಸ್ ವೋಲ್ವೋದಲ್ಲೂ ಪೂಜೋದಲ್ಲೂ ಇದೆ, ಜರ್ಮನಿಯ ಝಡ್‌ಎಫ್ 8 ಸ್ಪೀಡ್ ಗೇರ್‌ಬಾಕ್ಸ್ ಬಿಎಂಡಬ್ಲ್ಯೂ, ಜೀಪ್, ಲ್ಯಾಂಡ್ ರೋವರ್ ಎಲ್ಲದ್ರಲ್ಲೂ ಇದೆ, ಎರಡೂ ಗಟ್ಟಿ. ಜಪಾನ್ ಬ್ರ್ಯಾಂಡೇ ಆದ ನಿಸ್ಸಾನ್ 2003ರಿಂದ 2010ರವರೆಗಿನ ಸಿವಿಟಿಗಳಿಗೆ (ಹಲ್ಲಿನ ಗೇರುಗಳ ಬದಲು ಬೆಲ್ಟಲ್ಲಿ ಓಡೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಅಮೆರಿಕದಲ್ಲಿ ವಾರಂಟಿ 10 ವರ್ಷಕ್ಕೆ ಏರಿಸ್ಬೇಕಾಯ್ತು.

ಹುಡುಕುವಾಗ ಇಂಜಿನ್ ಕೋಡ್, ವರ್ಷ, ಅದ್ರ ಜೊತೆ ರೀಕಾಲ್, ವಾರಂಟಿ ವಿಸ್ತರಣೆ, ಸರ್ವಿಸ್ ಬುಲೆಟಿನ್ (ಗೊತ್ತಿರೋ ದೋಷದ ಬಗ್ಗೆ ಕಂಪನಿ ತನ್ನ ವರ್ಕ್‌ಶಾಪ್‌ಗಳಿಗೆ ಕಳಿಸೋ ಸೂಚನೆ) ಅಂತ ಹಾಕಿ ನೋಡಿ. ಬೇಜಾರಲ್ಲಿ ಬರೆದ ನಾಲ್ಕು ದೂರಿಗಿಂತ ಕಂಪನಿ ತಾನೇ ವಾರಂಟಿ ಏರಿಸಿದ್ದು ದೊಡ್ಡ ಸಾಕ್ಷಿ, ಸುಮ್ಮನೆ ಯಾವ ಕಂಪನೀನೂ ದುಡ್ಡು ಬಿಡಲ್ಲ. ಹೊಸ ಇಂಜಿನ್ನಿನ ಮೊದಲ ವರ್ಷದ ಕಾರು ಆದಷ್ಟು ಬಿಡಿ. ಜಪಾನ್ ಕಾರುಗಳು ಈಗಲೂ ಸರ್ವೆಗಳಲ್ಲಿ ಮೇಲಿರೋಕೆ ಒಂದು ಕಾರಣ ಇದೇ, ಒಂದೇ ಇಂಜಿನ್ನನ್ನ ವರ್ಷಗಟ್ಟಲೆ ತಿದ್ದಿ ತಿದ್ದಿ ಓಡಿಸ್ತಾರೆ. ಟೊಯೋಟಾ ಹೈಬ್ರಿಡ್ 1997ರ ಪ್ರಿಯಸ್‌ನಿಂದ ಮೂಲದಲ್ಲಿ ಅದೇ ವಿನ್ಯಾಸ, ಅದ್ರಲ್ಲಿ ಮಾಮೂಲಿ ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಇಲ್ಲದ ಪಾರ್ಟು ಕೆಡೋದೂ ಇಲ್ಲ.

ಸರ್ವೆ ಓದುವಾಗ ಅದು ಏನನ್ನ ಎಣಿಸ್ತಿದೆ ಅಂತ ನೋಡ್ಕೊಳ್ಳಿ. ಅಮೆರಿಕದ ಸರ್ವೆ ಕಂಪನಿ ಜೆ.ಡಿ. ಪವರ್‌ನ ಡಿಪೆಂಡಬಿಲಿಟಿ ಸರ್ವೆ 3 ವರ್ಷದ ಕಾರುಗಳದ್ದು, ಅದ್ರಲ್ಲಿ ಫೋನ್ ಕನೆಕ್ಟ್ ಆಗ್ಲಿಲ್ಲ ಅನ್ನೋದೂ ಒಂದು ಪ್ರಾಬ್ಲಮ್ಮೇ. ಜರ್ಮನಿಯಲ್ಲಿ ಕಾರುಗಳ ಕಡ್ಡಾಯ ತಪಾಸಣೆ ಮಾಡೋ ಟ್ಯೂಫ್ ಸಂಸ್ಥೆಯ ರಿಪೋರ್ಟ್ ಬ್ರೇಕು, ಸಸ್ಪೆನ್ಷನ್ನು, ಲೈಟು ಇಂಥದ್ದನ್ನ ನೋಡುತ್ತೆ, ಗೇರ್‌ಬಾಕ್ಸ್ ಆಯಸ್ಸು ಅದ್ರಿಂದ ಗೊತ್ತಾಗಲ್ಲ. ಜರ್ಮನಿಯ ವಾಹನ ಮಾಲೀಕರ ಕ್ಲಬ್ ಎಡಿಎಸಿಯ ಲೆಕ್ಕ ರಸ್ತೆಯಲ್ಲಿ ನಿಂತುಹೋದ ಕಾರುಗಳದ್ದು, ಅದ್ರಲ್ಲಿ 40 ಪರ್ಸೆಂಟ್‌ಗಿಂತ ಜಾಸ್ತಿ ಬರೀ 12 ವೋಲ್ಟ್ ಬ್ಯಾಟರಿ ಸಮಸ್ಯೆ. ಇನ್ನೊಂದು, ಏರ್ ಸಸ್ಪೆನ್ಷನ್ ಇರೋ ದೊಡ್ಡ ಜರ್ಮನ್ ಕಾರನ್ನ ಸಣ್ಣ ಕೊರೊಲ್ಲಾ ಪಕ್ಕ ಇಟ್ಟು ಹೋಲಿಸಿದ್ರೆ ಅದು ನ್ಯಾಯ ಅಲ್ಲ, ಟೊಯೋಟಾದ್ದೇ ಐಷಾರಾಮಿ ಬ್ರ್ಯಾಂಡ್ ಲೆಕ್ಸಸ್ ಜೊತೆ ಹೋಲಿಸಿ.

ಕೊನೇದಾಗಿ ಎದುರಿಗಿರೋ ಕಾರಿನ ಸರ್ವಿಸ್ ಬಿಲ್ಲುಗಳನ್ನ ಕೇಳಿ, ಸ್ಟ್ಯಾಂಪ್ ಹೊಡೆದ ಪುಸ್ತಕ ಸಾಲಲ್ಲ. ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್, ಚೇಂಜ್ ಮಾಡೋದೇ ಬೇಡ ಅಂತ ಕಾರು ಕಂಪನಿಗಳು ಹೇಳಿದ್ರೂ ತಯಾರಿಸೋ ಝಡ್‌ಎಫ್‌ನವ್ರೇ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರ್ ಒಳಗೆ ಬದಲಾಯಿಸಿ ಅಂತಾರೆ, ಆ ಬಿಲ್ ಇದ್ರೆ ಮಾಲೀಕ ಕಾಳಜಿಯವ್ರು ಅಂತ ಅರ್ಥ. ನೀವು ಹೋಗೋ ಹೊತ್ತಿಗೆ ಇಂಜಿನ್ ತಣ್ಣಗಿರ್ಲಿ ಅಂತ ಮೊದಲೇ ಹೇಳಿ, ಚೈನ್ ಸದ್ದು, ಹೊಗೆ ಎಲ್ಲ ಗೊತ್ತಾಗೋದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೇನೇ. ಒಂದು ಸಣ್ಣ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ಗೆ ಸಿಕ್ಕಿಸಿ ದೋಷದ ಕೋಡ್ ಓದೋ ಸಾಧನ) ಜೊತೆಗಿಟ್ಕೊಳ್ಳಿ, ಫಾಲ್ಟ್ ಕೋಡ್ ಏನೂ ಇಲ್ಲ ಅಂತ ತೋರಿಸಿದ್ರೂ ರೆಡಿನೆಸ್ ಮಾನಿಟರ್‌ಗಳು, ಅಂದ್ರೆ ಕಾರು ತನ್ನನ್ನೇ ತಾನು ಚೆಕ್ ಮಾಡ್ಕೊಳ್ಳೋ ಪರೀಕ್ಷೆಗಳು, ಪೂರ್ತಿ ಆಗಿಲ್ಲ ಅಂತ ಬಂದ್ರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿರ್ಬಹುದು ಅಥವಾ ಬ್ಯಾಟರಿ ಬಿಚ್ಚಿರ್ಬಹುದು, ಯಾಕೆ ಅಂತ ಕೇಳಿ, ಸರಿಯಾದ ಉತ್ತರ ಬರದಿದ್ರೆ ಕಾರು ಯಾವ ದೇಶದ್ದಾದ್ರೂ ಬಿಟ್ಟು ಬನ್ನಿ.